ಕೋಶದ ಗಾತ್ರ: ಹಿರಿದು ಕಿರಿದುಗಳ ವಿಚಾರ

ತಿಳಿವನ್ನು ಒಟ್ಟುಗೂಡಿಸಿ, ಕ್ರಮಗೊಳಿಸಿ, ಜನರ ಕೈಗಿಡುವ ಕಾರ್ಯವನ್ನು ಕೈಕೊಂಡವರೆಲ್ಲರೂ, ಏನನ್ನು ಹೇಳಬೇಕೆಂಬ ಪ್ರಶ್ನೆಯೊಡನೆಯೇ ಎಷ್ಟನ್ನು ಹೇಳಬೇಕೆಂಬ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ. ನಿಘಂಟು, ವಿಶ್ವಕೋಶ, ಪಂಚಾಂಗ, ಜಿಲ್ಲೆಯ ಕೈಪಿಡಿ, ವೃತ್ತಪತ್ರಿಕೆ, ಈಚೆಗೆ ಮೊಬೈಲಿನಲ್ಲಿ ತೆರೆದುಕೊಳ್ಳುವ ಪದಕೋಶ, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು. ಇವನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ, ಬೇಕಾದುದನ್ನು ಅರಸಿ ತೆಗೆದುಕೊಂಡು ಮಿಕ್ಕುದನ್ನು ಹಾಗೆಯೇ ಮುಚ್ಚಿಡುತ್ತಾರೆ. ಕಾವ್ಯದ ಗಾತ್ರವು ಅದರ ವಸ್ತುವಿನಿಂದಲೂ ಕವಿಯ ಮನೋಧರ್ಮದಿಂದಲೂ ಒಳಗಿನಿಂದಲೇ ಹುಟ್ಟಿಬರುವಂಥದು. ಕೋಶದ ಗಾತ್ರವನ್ನಾದರೋ ಹೊರಗಿನ ಅನೇಕ ಕಾರಣಗಳು, ಎಂದರೆ ಓದುಗನ ಪ್ರಯೋಜನ, ಅವನ ಕೈಯ ಬಲ, ಹಣದ ಅನುಕೂಲ, ಅಚ್ಚಿನ ಮನೆಯ ಸಾಮರ್ಥ್ಯ, ಸಂಪಾದಕರ ಆಯುಸ್ಸು, ಇವೆಲ್ಲ ಕೂಡಿ ನಿರ್ಣಯಿಸುತ್ತವೆ. ಈ ನಿರ್ಣಯವನ್ನು ವಿವೇಕದಿಂದ ಮಾಡಿದ ಕೋಶಗಳು ಶತಮಾನ ಕಳೆದರೂ ಬಳಕೆಯಲ್ಲಿ ಉಳಿದಿವೆ. ಅವಿಚಾರದಿಂದ ಬೆಳೆದವು ಮತ್ತು ಅವಿಚಾರದಿಂದ ಕುಗ್ಗಿದವು ಗ್ರಂಥಾಲಯಗಳ ಮೇಲಂತಸ್ತಿನಲ್ಲಿ ಧೂಳು ಹಿಡಿಯುತ್ತಿವೆ.

ಈ ವಿಚಾರವನ್ನು ಪರಿಶೀಲಿಸುವುದಕ್ಕೆ ಕನ್ನಡ ನಾಡಿನಲ್ಲಿ ಮಂಗಳೂರಿನ ಹಂಪನಕಟ್ಟೆಗಿಂತ ತಕ್ಕ ನೆಲೆ ಬೇರೊಂದಿಲ್ಲವೆಂದೇ ತೋರುತ್ತದೆ. ಒಂದು ಕಡೆ 1680ರಷ್ಟು ಹಿಂದೆ ಸ್ಥಾಪಿತವಾದ ಮಿಲಾಗ್ರಿಸ್ ಇಗರ್ಜಿ, ಇನ್ನೊಂದು ಕಡೆ ಹತ್ತೊಂಬತ್ತನೆಯ ಶತಮಾನದ ಸರಕಾರಿ ಕಾಲೇಜಿನ ಉತ್ತರಾಧಿಕಾರಿಯಾದ ವಿಶ್ವವಿದ್ಯಾನಿಲಯ ಕಾಲೇಜು, ಸ್ವಾತಂತ್ರ್ಯಯೋಧ ಕಾರ್ನಾಡು ಸದಾಶಿವರಾಯರ ಹೆಸರನ್ನು ಹೊತ್ತ ಬೀದಿ, ಮಾರುಕಟ್ಟೆಯ ಗದ್ದಲ, ಇವುಗಳ ನಡುವೆ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡಗಳು ಒಂದರೊಡನೊಂದು ಹೆಣೆದುಕೊಂಡು ದಿನವೂ ಕಿವಿಗೆ ಬೀಳುತ್ತವೆ. ಇಲ್ಲಿಂದ ಮೂಡಣದಿಕ್ಕಿಗೆ ಏರುವ ದಾರಿಯು ಬಾಸೆಲ್ ಮಿಷನ್ನಿನ ನೆಲೆಯಾದ ಬಲ್ಮಠದ ಗುಡ್ಡವನ್ನು ಸೇರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಂಸ್ಥೆಯವರು 1841ರಲ್ಲಿ ತಮ್ಮ ಮುದ್ರಣಾಲಯವನ್ನು ಸ್ಥಾಪಿಸಿದರು. ಆ ಮುದ್ರಣಾಲಯದ ಹೆಸರನ್ನು ಹೊತ್ತು 1872ರಲ್ಲಿ ಹರ್ಮನ್ ಗುಂಡರ್ಟರ ಮಲಯಾಳ-ಇಂಗ್ಲಿಷ್ ನಿಘಂಟು, 1883ರಲ್ಲಿ ಜೆಸುಯಿಟ್ ಪಾದ್ರಿ ಮಾಫೆಯಿಯವರ ಕೊಂಕಣಿ ನಿಘಂಟು, 1886ರಲ್ಲಿಯೂ 1888ರಲ್ಲಿಯೂ ಮ್ಯಾನರರ ತುಳು ನಿಘಂಟಿನ ಎರಡು ಭಾಗಗಳು, 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು, 1899ರಲ್ಲಿ ಬೂಖರರ ಶಾಲಾ ನಿಘಂಟು ಹೊರಬಂದವು. ಮೂವತ್ತು ವರ್ಷಗಳಿಗಿಂತ ಕಡಿಮೆಯ ಅವಧಿಯಲ್ಲಿ ನಾಲ್ಕು ಭಾಷೆಗಳ ಕೋಶಗಳು ಒಂದೇ ಅಚ್ಚುಕೂಟದಿಂದ ಹೊರಟುವೆಂಬುದು ಅಲ್ಪ ಸಂಗತಿಯಲ್ಲ. ಇವುಗಳಲ್ಲಿ ಒಂದರ ಗಾತ್ರ ಇನ್ನೊಂದರಂತಿಲ್ಲ. ಆ ವ್ಯತ್ಯಾಸದ ಕಾರಣಗಳೇ ನಮ್ಮ ವಿಚಾರಕ್ಕೆ ವಸ್ತು.

ಅಚ್ಚಿಗೆ ಮುಂಚಿನ ಕಾಲದಲ್ಲಿ ಕೋಶದ ಗಾತ್ರವನ್ನು ನಿರ್ಣಯಿಸುತ್ತಿದ್ದುದು ಮನುಷ್ಯನ ಸ್ಮರಣಶಕ್ತಿ. ಅಮರಸಿಂಹನ ಕೋಶವು ಮೂರು ಕಾಂಡಗಳಲ್ಲಿ ಸುಮಾರು ಸಾವಿರದ ಐನೂರು ಶ್ಲೋಕಗಳಿಗೆ ನಿಂತಿತು. ಬಾಲಕನು ಕಂಠಪಾಠ ಮಾಡಬಲ್ಲ ಮೇರೆಯನ್ನು ಅದು ಮೀರಲಿಲ್ಲವಾದುದರಿಂದಲೇ ಊರೂರಿನ ಐಗಳ ಮಠಗಳಲ್ಲಿ ಬಾಳಿತು. ಕನ್ನಡದಲ್ಲಿ ಎರಡನೆಯ ಮಂಗರಾಜನು 1398ರಲ್ಲಿ ಅಭಿನವಾಭಿಧಾನವನ್ನು ಪದ್ಯದಲ್ಲಿ ರಚಿಸಿದನು. ಲಿಂಗಮಂತ್ರಿಯು ಕಬ್ಬಿಗರ ಕೈಪಿಡಿಯನ್ನು ಸುಮಾರು ನೂರು ಷಟ್ಪದಿಗಳಲ್ಲಿ ಮುಗಿಸಿದನು. ವ್ಯಾಕರಣಗಳ ಮಾತಾದರೋ ಇನ್ನೂ ಸ್ಪಷ್ಟ. ಅರ್ಧಮಾತ್ರೆಯ ಉಳಿತಾಯವಾದರೂ ವೈಯಾಕರಣನಿಗೆ ಪುತ್ರೋತ್ಸವದ ಸಂತೋಷವೆಂಬ ಮಾತು ಸಂಸ್ಕೃತಜ್ಞರಲ್ಲಿ ಪ್ರಸಿದ್ಧವಾದುದೇ. ಆ ಸಂಪ್ರದಾಯಕ್ಕೆ ಸೇರಿದ ಭಟ್ಟಾಕಳಂಕನು 1604ರಲ್ಲಿ ಕನ್ನಡ ಭಾಷೆಯ ಸಮಗ್ರ ಲಕ್ಷಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಅಡಕಗೊಳಿಸಿದನು. ಆದರೆ ಆ ಸೂತ್ರಗಳಿಗೆ ಅವನೇ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆಯಬೇಕಾಯಿತೆಂಬುದನ್ನು ಮರೆಯಲಾಗದು. ಸೂತ್ರವು ಕಂಠದಲ್ಲಿರಲಿ, ವಿವರವು ಓಲೆಯಲ್ಲಿರಲಿ ಎಂಬ ಈ ವಿಭಾಗದಲ್ಲಿ ನಮ್ಮ ಹಿರಿಯರು ಹಿರಿದು ಕಿರಿದುಗಳ ಸಮಸ್ಯೆಗೆ ಕಂಡುಕೊಂಡಿದ್ದ ಉಪಾಯ ಅಡಗಿದೆ: ಒಂದನ್ನು ಆರಿಸಿ ಮತ್ತೊಂದನ್ನು ತ್ಯಜಿಸದೆ, ಎರಡನ್ನೂ ಒಂದೇ ಕೃತಿಯ ಎರಡು ಪದರಗಳಾಗಿ ಕಟ್ಟುವುದು.

ಅಚ್ಚು ಬಂದ ಮೇಲೆ ಸ್ಮರಣೆಯ ಬದಲು ಕಾಗದವೂ ಯಂತ್ರವೂ ಅಳತೆಗೋಲಾದುವು. ಇದಕ್ಕೆ ಮೊದಲ ನಿದರ್ಶನವು 1843ನೆಯ ಇಸವಿಯ ಜುಲೈ 1ರಂದು ಹೊರಬಂದ ಮಂಗಳೂರ ಸಮಾಚಾರ. ಹರ್ಮನ್ ಮೋಗ್ಲಿಂಗರು ಸಂಪಾದಿಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಪಕ್ಷಕ್ಕೊಮ್ಮೆ ಪ್ರಕಟಿಸುತ್ತಿದ್ದ ಕನ್ನಡದ ಈ ಮೊದಲ ಪತ್ರಿಕೆಗೆ ಇದ್ದುದು ನಾಲ್ಕೇ ಪುಟ. ಕೈಬರಹವನ್ನು ಕಲ್ಲಿಗೆ ಇಳಿಸಿ ಒಂದೊಂದು ಹಾಳೆಯನ್ನಾಗಿ ಒತ್ತುವ ವಿಧಾನದಲ್ಲಿ ಅದಕ್ಕಿಂತ ಹೆಚ್ಚಿನ ಪುಟಗಳನ್ನು ನಿಯತಕಾಲದಲ್ಲಿ ಒದಗಿಸುವುದು ಸುಲಭವಾಗಿರಲಿಲ್ಲ. ಆ ನಾಲ್ಕು ಪುಟಗಳೊಳಗೆ ಊರಿನ ವರ್ತಮಾನ, ಸರಕಾರದ ನಿರೂಪಗಳು, ಅನ್ಯರಾಜ್ಯಗಳ ಸಮಾಚಾರ, ಕತೆ, ಗಾದೆ, ದಾಸರ ಪದ ಇವುಗಳಿಗೆಲ್ಲ ಎಡೆ ಮಾಡಿಕೊಡಲಾಗುತ್ತಿತ್ತು. ಪುಟಗಳು ಕಡಮೆಯೆಂದು ವಿಷಯಗಳ ವೈವಿಧ್ಯವನ್ನು ಕುಗ್ಗಿಸದೆ, ಒಂದೊಂದು ವಿಷಯದ ವಿಸ್ತಾರವನ್ನು ಮಾತ್ರ ಕುಗ್ಗಿಸಿದುದು ಸಂಪಾದಕರ ಜಾಣತನ. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ವರ್ಗಾವಣೆಗೊಂಡು ಕನ್ನಡ ಸಮಾಚಾರವೆಂಬ ಹೆಸರನ್ನು ತಾಳಿತು. ಆದರೆ ಆ ಜುಲೈ 1ನ್ನು ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುವುದುಂಟು.

ಮೊಳೆಯಚ್ಚಿನ ಕಾಲದಲ್ಲಿ ಗಾತ್ರವನ್ನು ನಿರ್ಧರಿಸುವ ಇನ್ನೊಂದು ಕಾರಣ ಸೇರಿಕೊಂಡಿತು. ಅದು ಓದುಗರ ಕಣ್ಣಿಗೆ ಬೀಳದಿದ್ದರೂ ಮುದ್ರಕರೆಲ್ಲರಿಗೂ ವಿದಿತವಾದುದು. ಹಾಳೆಯನ್ನು ಮಡಿಸಿ ಕತ್ತರಿಸುವ ಕ್ರಮದಲ್ಲಿ ಪುಟಗಳು ಎಂಟೆಂಟಾಗಿ ಇಲ್ಲವೇ ಹದಿನಾರು ಹದಿನಾರಾಗಿ ಬರುತ್ತವೆ. ಇದನ್ನೇ ಅಚ್ಚುಕೂಟದವರು ಒಂದು ಫಾರ್ಮು ಎನ್ನುತ್ತಾರೆ. ಹದಿನೇಳನೆಯ ಪುಟವೊಂದು ಬೇಕಾದರೆ ಹೊಸ ಫಾರ್ಮನ್ನೇ ಹೂಡಬೇಕು. ಕ್ರೌನ್ ಅಷ್ಟಪತ್ರವೋ ಡೆಮಿ ಅಷ್ಟಪತ್ರವೋ ಎಂಬುದರಿಂದ ಪುಸ್ತಕವು ಜೇಬಿನಲ್ಲಿ ಅಡಗುವುದೋ ಮೇಜಿನ ಮೇಲೆಯೇ ಕುಳಿತಿರುವುದೋ ಎಂಬುದು ಗೊತ್ತಾಗುತ್ತದೆ. ಕೋಶಕಾರನಿಗೆ ಇವುಗಳ ಜೊತೆಗೆ ಅಕ್ಷರಗಳ ತೊಡಕೂ ಉಂಟು: ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ರೋಮನ್ ಲಿಪಿಗಿಂತ ಹೆಚ್ಚಿನ ಅಂತರವು ಬೇಕಾಗುತ್ತದೆ, ಅದೇ ಮೂಲವಸ್ತುವು ಕನ್ನಡದಲ್ಲಿ ಹೆಚ್ಚು ಪುಟಗಳನ್ನು ಬೇಡುತ್ತದೆ.

ಇನ್ನು ಕಿಟ್ಟೆಲರ ಮಹಾಕೃತಿಯನ್ನು ವಿಚಾರಿಸಬಹುದು. 1832ರಲ್ಲಿ ಜರ್ಮನಿಯ ಉತ್ತರತೀರದ ಪ್ರದೇಶದಲ್ಲಿ ಹುಟ್ಟಿ, 1853ರಲ್ಲಿ ಭಾರತಕ್ಕೆ ಬಂದ ಈ ವಿದ್ವಾಂಸರು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ, ಹಳಗನ್ನಡದ ಅಂತರಂಗವನ್ನು ಹೊಕ್ಕು, ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕೋಶವನ್ನು ಸಿದ್ಧಗೊಳಿಸಿದರು. ಅಚ್ಚಾದ ಪುಟಗಳು ಸಾವಿರದ ಏಳುನೂರಕ್ಕೂ ಮಿಕ್ಕವು. ಈ ಗಾತ್ರವು ಅಹಂಕಾರದಿಂದಾಗಲಿ ಅಜಾಗರೂಕತೆಯಿಂದಾಗಲಿ ಬಂದುದಲ್ಲ. ಕಿಟ್ಟೆಲರ ಎದುರಿಗಿದ್ದ ಪ್ರಶ್ನೆಯು ಶಬ್ದಕ್ಕೆ ಇಂಗ್ಲಿಷಿನಲ್ಲಿ ಅರ್ಥವೇನೆಂಬಷ್ಟಕ್ಕೆ ನಿಂತಿರಲಿಲ್ಲ. ಈ ಶಬ್ದವು ಎಲ್ಲಿಂದ ಬಂದಿತು, ಯಾವ ಗ್ರಂಥದಲ್ಲಿ ಯಾವ ರೂಪದಲ್ಲಿ ಪ್ರಯೋಗವಾಗಿದೆ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಇದರ ಬಂಧುಗಳು ಯಾವುವು, ಜನರ ಗಾದೆಗಳಲ್ಲಿ ಇದು ಹೇಗೆ ಬಳಕೆಯಾಗಿದೆ, ಎಂಬಿವೆಲ್ಲವೂ ಆ ಪ್ರಶ್ನೆಯೊಳಗೆ ಸೇರಿದ್ದುವು. ಆಡುಮಾತಿನಿಂದ ಮರೆಯಾಗಿದ್ದ ರಳ ಮತ್ತು ಶಕಟರೇಫಗಳೆಂಬ ಅಕ್ಷರಗಳನ್ನು ಅವರು ಬೇರೆಯಾಗಿಯೇ ಉಳಿಸಿಕೊಂಡರು. ಹಾಗೆ ಮಾಡದಿದ್ದರೆ ಹಳಗನ್ನಡದ ಅನೇಕ ಧಾತುಗಳು ಒಂದರೊಳಗೊಂದು ಬೆರೆತು ಹೋಗುತ್ತಿದ್ದುವು. ಪ್ರಶ್ನೆ ಹಿರಿದಾದುದರಿಂದ ಕೋಶವು ಹಿರಿದಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಡಾಕ್ಟರೇಟ್ ಗೌರವವನ್ನಿತ್ತು ಮನ್ನಿಸಿತು. ಮುಕ್ಕಾಲು ಶತಮಾನದ ಬಳಿಕ, ದಕ್ಷಿಣ ಕನ್ನಡದವರೇ ಆದ ಪ್ರಾಧ್ಯಾಪಕ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯದ ಮೂಲಕ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು; ಹಿರಿಯ ಕೋಶವು ಕಾಲಕ್ರಮದಲ್ಲಿ ಇನ್ನೂ ಹಿರಿದಾಗುವುದೇ ಸಹಜವೆಂಬುದಕ್ಕೆ ಇದು ಸಾಕ್ಷಿ.

ಆದರೆ ಅದೇ ಬಾಸೆಲ್ ಮಿಷನ್ನಿನವರ ಶಾಲೆಗಳಲ್ಲಿ ಓದುತ್ತಿದ್ದ ಹುಡುಗನಿಗೆ ಅಂಥ ಕೋಶವನ್ನು ಕೊಳ್ಳಲೂ ಆಗದು, ಕೊಂಡರೂ ಚೀಲದಲ್ಲಿ ಹೊರಲಾಗದು. ಈ ಅಂಶವನ್ನು ಮುದ್ರಣಾಲಯದವರು ಬೇಗನೆ ಮನಗಂಡರು. ಕಿಟ್ಟೆಲರ ಕೋಶ ಹೊರಬಂದು ಐದೇ ವರ್ಷಗಳಲ್ಲಿ, 1899ರಲ್ಲಿ, ಬೂಖರರ ಕನ್ನಡ-ಇಂಗ್ಲಿಷ್ ಶಾಲಾ ನಿಘಂಟು ಅಚ್ಚಾಯಿತು. ಇದು ಮುಖ್ಯವಾಗಿ ಕಿಟ್ಟೆಲರ ಪರಿಶ್ರಮವನ್ನು ಆಧರಿಸಿದುದೆಂದು ಅದರ ಶೀರ್ಷಿಕೆಯ ಪುಟದಲ್ಲಿಯೇ ಒಪ್ಪಿಕೊಳ್ಳಲಾಗಿದೆ. ಗ್ರಂಥಗಳ ಉಲ್ಲೇಖವೂ ಸೋದರ ಭಾಷೆಗಳ ತೌಲನಿಕ ರೂಪಗಳೂ ಶಾಲಾಬಾಲಕನಿಗೆ ಬೇಕಾದುವಲ್ಲ. ಅವನಿಗೆ ಬೇಕಾದುದು ಈಗ ಓದುತ್ತಿರುವ ಪಾಠದ ಸಾಲನ್ನು ತಿಳಿಯಲು ನೆರವಾಗುವ ಅರ್ಥ ಮಾತ್ರ. ಒಂದೇ ಅಚ್ಚುಕೂಟವು ಒಂದೇ ಭಾಷೆಗೆ, ಒಂದೇ ಮೂಲದಿಂದ, ಎರಡು ಗಾತ್ರದ ಕೋಶಗಳನ್ನು ಇಷ್ಟು ಸಮೀಪಕಾಲದಲ್ಲಿ ಒದಗಿಸಿದುದು ಈ ಪ್ರಶ್ನೆಗೆ ಕನ್ನಡದಲ್ಲಿ ದೊರೆತ ಅತ್ಯುತ್ತಮ ಉತ್ತರವೆಂದು ನನ್ನ ಅಭಿಪ್ರಾಯ. ತುಳುನಾಡಿನ ಮನೆಗಳಲ್ಲಿ ವರ್ಷದ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಅಟ್ಟದಲ್ಲಿಟ್ಟು, ಅಡಿಗೆಗೆ ಬೇಕಾದುದನ್ನು ಸೇರಿನಲ್ಲಿ ಅಳೆದು ತರುತ್ತಿದ್ದಂತೆ, ಕಿಟ್ಟೆಲರ ಕೋಶವು ದಾಸ್ತಾನು, ಬೂಖರರದು ದಿನಬಳಕೆಯ ಅಳತೆ. ಮುಡಿಯಿಲ್ಲದ ಮನೆಯಲ್ಲಿ ಸೇರಿಗೆ ಕೆಲಸವಿಲ್ಲ, ಸೇರಿಲ್ಲದ ಮನೆಯಲ್ಲಿ ಮುಡಿಯನ್ನು ಬಿಚ್ಚುವವರಿಲ್ಲ.

ಕಿರಿದು ಹಿರಿದನ್ನು ಹಿಂಬಾಲಿಸಬೇಕೆಂಬ ಈ ಕ್ರಮವು ಎಲ್ಲೆಡೆಯೂ ಪಾಲಿತವಾಗಿಲ್ಲ. ಇಂಗ್ಲಿಷರ ಆಕ್ಸ್‌ಫರ್ಡ್ ಮಹಾನಿಘಂಟಿನ ಮೊದಲ ಕಂತು 1884ರಲ್ಲಿ ಹೊರಟು, ಕೊನೆಯದು ಬಂದುದು 1928ರಲ್ಲಿ. ಆದರೆ ಫೌಲರ್ ಸೋದರರ ಸಂಕ್ಷಿಪ್ತ ಆಕ್ಸ್‌ಫರ್ಡ್ ನಿಘಂಟು 1911ರಲ್ಲಿಯೇ ಪ್ರಕಟವಾಯಿತು. ಎಂದರೆ, ವರ್ಣಮಾಲೆಯ ಮೊದಲ ಅಕ್ಷರಗಳಿಗೆ ಆ ಸೋದರರಿಗೆ ಮಹಾಕೋಶದ ಆಧಾರವಿದ್ದಿತು. ಕೊನೆಯ ಅಕ್ಷರಗಳಿಗೆ ಅವರು ತಮ್ಮ ಸ್ವಂತ ಪರಿಶ್ರಮವನ್ನೇ ನೆಚ್ಚಬೇಕಾಯಿತು. ಮಾರುಕಟ್ಟೆಯ ಅವಸರವು ವಿದ್ವತ್ತಿನ ನಿಧಾನಗತಿಯನ್ನು ಕಾಯಲಾರದೆಂಬುದಕ್ಕೆ ಇದು ನಿದರ್ಶನ; ಆದರೂ ಆ ಕಿರಿಯ ಕೋಶವು ಜನಪ್ರಿಯವಾಗಿ ಪರಿಷ್ಕೃತ ಮುದ್ರಣಗಳನ್ನು ಕಾಣುತ್ತ ನಡೆದುದರಿಂದ, ಅವಸರದ ಕೆಲಸವೆಲ್ಲ ಕೆಟ್ಟುದೆಂದೂ ಹೇಳಲಾಗದು.

ತುಳುವಿನ ಚರಿತ್ರೆಯಲ್ಲಿ ಈ ಕ್ರಮವು ಸಂಪೂರ್ಣವಾಗಿ ತಿರುಗುಮುರುಗಾಗಿದೆ. ಮ್ಯಾನರರ 1886ರ ಕೋಶವು ಮಧ್ಯಮ ಗಾತ್ರದ್ದು. ಒಬ್ಬ ಪಾದ್ರಿಯು ಜನರ ಬಾಯಿಂದ ಸಂಗ್ರಹಿಸಬಹುದಾದಷ್ಟನ್ನು ಸಂಗ್ರಹಿಸಿ ಒಂದೇ ಸಂಪುಟದಲ್ಲಿ ಕೊಟ್ಟುದು. ಆಮೇಲೆ ಮರಿಯಪ್ಪ ಭಟ್ಟರೂ ಶಂಕರ ಕೆದಿಲಾಯರೂ ಸೇರಿ 1967ರಲ್ಲಿ ಮದರಾಸಿನಿಂದ ಇನ್ನೊಂದು ತುಳು-ಇಂಗ್ಲಿಷ್ ನಿಘಂಟನ್ನು ತಂದರು. ನಿಜವಾದ ಮಹಾಕೋಶವು ಬಂದುದು ಮ್ಯಾನರರಾದ ಶತಮಾನದ ಬಳಿಕ: ಉಡುಪಿಯ ಮಹಾತ್ಮಾಗಾಂಧಿ ಸ್ಮಾರಕ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ಆಶ್ರಯದಲ್ಲಿ, ಪ್ರೊಫೆಸರ್ ಕು. ಶಿ. ಹರಿದಾಸ ಭಟ್ಟರ ಪ್ರೇರಣೆಯಿಂದ, ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟು ಪ್ರಕಟವಾಯಿತು. ಆರು ಸಂಪುಟಗಳೇಕೆ ಬೇಕಾದುವೆಂದು ಕೇಳುವವರು ಒಂದು ಉಲ್ಲೇಖವನ್ನು ತೆರೆದು ನೋಡಿದರೆ ಸಾಕು. ಒಂದೇ ಶಬ್ದಕ್ಕೆ ತೆಂಕಣ ತುಳು, ಬಡಗಣ ತುಳು, ಬೇರೆ ಬೇರೆ ಸಮುದಾಯಗಳ ತುಳು, ಹೀಗೆ ರೂಪಭೇದಗಳು. ಪಾಡ್ದನಗಳೆಂಬ ಮೌಖಿಕ ಕಾವ್ಯಗಳಿಂದ ಆರಿಸಿದ ಪ್ರಯೋಗಗಳು. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅರ್ಥ. ಲಿಖಿತ ಸಾಹಿತ್ಯವು ವಿರಳವಾದ ಭಾಷೆಯಲ್ಲಿ ಆಡುಮಾತೇ ಪ್ರಮಾಣ. ಆಡುಮಾತಾದರೋ ಹಳ್ಳಿಹಳ್ಳಿಗೂ ಬೇರೆ. ಅಲ್ಲಿ ಒಂದು ರೂಪವನ್ನು ಮಾತ್ರ ಅಚ್ಚುಮಾಡುವುದೆಂದರೆ ಉಳಿದ ರೂಪಗಳನ್ನಾಡುವ ಜನರನ್ನು ತುಳುವರಲ್ಲವೆಂದು ಹೇಳಿದಂತೆಯೇ ಸರಿ.

ಇಲ್ಲಿ ಸಂಕ್ಷೇಪದ ಮೇಲಿನ ಅತ್ಯಂತ ಗಂಭೀರವಾದ ಆಕ್ಷೇಪವನ್ನು ಹೇಳಬೇಕಾಗಿದೆ. ಕೋಶವನ್ನು ಕಿರಿದುಗೊಳಿಸುವಾಗ ಕತ್ತರಿಯು ಮೊದಲು ಬೀಳುವುದು ಯಾವುದರ ಮೇಲೆ? ಪಠ್ಯಪುಸ್ತಕದಲ್ಲಿಯೂ ಪತ್ರಿಕೆಯಲ್ಲಿಯೂ ಕಾಣುವ ಶಿಷ್ಟ ಶಬ್ದಗಳು ಉಳಿಯುತ್ತವೆ. ಸಂಸ್ಕೃತದಿಂದ ಬಂದ ತತ್ಸಮಗಳು ಉಳಿಯುತ್ತವೆ. ಬಲೆ ಬೀಸುವವನ, ಗದ್ದೆ ಉಳುವವಳ, ಹಂಚಿನ ಕಾರ್ಖಾನೆಯಲ್ಲಿ ದುಡಿಯುವವನ ಬಾಯಿಯಲ್ಲಿರುವ ಮಾತುಗಳು ಬಳಕೆ ಕಡಮೆಯೆಂಬ ನೆವದಿಂದ ಹೊರಬೀಳುತ್ತವೆ. ಬಳಕೆಯು ಅಚ್ಚಿನಲ್ಲಿ ಕಡಮೆ, ಬದುಕಿನಲ್ಲಿ ಕಡಮೆಯಲ್ಲವೆಂಬುದನ್ನು ಸಂಪಾದಕನು ಗಮನಿಸುವುದಿಲ್ಲ. ಕರಾವಳಿಯಲ್ಲಿಯೇ ಹವ್ಯಕರ ಕನ್ನಡ, ಕುಂದಾಪುರದ ಕನ್ನಡ, ಸುಳ್ಯದ ಕಡೆಯ ಗೌಡರ ಕನ್ನಡ ಎಂದು ಎಷ್ಟು ಬಗೆ! ಶಾಲೆಯ ಜೇಬುನಿಘಂಟು ಇವುಗಳಲ್ಲಿ ಒಂದಕ್ಕೂ ಎಡೆ ಕೊಡಲಾರದು. ಕೊಡಬೇಕೆಂದು ಕೇಳುವುದೂ ಅನ್ಯಾಯ. ಆದರೆ ಅವು ಎಲ್ಲಿಯಾದರೂ ಒಂದು ಕಡೆ ಹಿರಿಯ ಕೋಶದಲ್ಲಿ ಭದ್ರವಾಗಿ ಸೇರಿರಬೇಕೆಂಬುದು ನ್ಯಾಯ. ಕಿರಿದರ ನಿರ್ದಾಕ್ಷಿಣ್ಯವನ್ನು ಸಹಿಸಬಹುದಾದುದು ಹಿರಿದರ ಔದಾರ್ಯವು ಬೆನ್ನಿಗಿದ್ದಾಗ ಮಾತ್ರ.

ಹಿರಿದಕ್ಕೂ ಅದರದೇ ಆದ ವಿಪತ್ತು ಉಂಟು; ಅದು ಕಾಲ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಮೊದಲ ಸಂಪುಟವು 1970ರಲ್ಲಿಯೂ ಎಂಟನೆಯದು 1995ರಲ್ಲಿಯೂ ಹೊರಬಂದುವು. ಶಾಸನಗಳಿಂದಲೂ ಹಳಗನ್ನಡ ನಡುಗನ್ನಡ ಗ್ರಂಥಗಳಿಂದಲೂ ಪ್ರಯೋಗಗಳನ್ನು ಚೀಟಿಚೀಟಿಯಾಗಿ ಆರಿಸಿ, ಒಂದೊಂದು ಶಬ್ದದ ಚರಿತ್ರೆಯನ್ನು ಉದಾಹರಣೆಗಳ ಮೂಲಕ ತೋರಿಸುವ ಪದ್ಧತಿಗೆ ಅಷ್ಟು ಕಾಲ ಹಿಡಿಯುವುದು ಅನಿವಾರ್ಯ. ಡಿ. ಎಲ್. ನರಸಿಂಹಾಚಾರ್ಯರಂಥವರು ಕೆಲಸಕ್ಕೆ ತಳಹದಿ ಹಾಕಿಕೊಟ್ಟು, ಮುಕ್ತಾಯವನ್ನು ಕಾಣದೆ ತೀರಿಕೊಂಡರು, ಜಿ. ವೆಂಕಟಸುಬ್ಬಯ್ಯನವರು ದೀರ್ಘಾಯುಷ್ಯದ ಭಾಗ್ಯದಿಂದ ಅದರ ಫಲವನ್ನು ಕಂಡರು. ಮೊದಲ ಸಂಪುಟ ಬಂದಂದು ಶಾಲೆಗೆ ಸೇರಿದ ಮಗುವು ಕೊನೆಯ ಸಂಪುಟ ಬರುವ ವೇಳೆಗೆ ತನ್ನ ಮಗುವನ್ನು ಶಾಲೆಗೆ ಸೇರಿಸುವ ವಯಸ್ಸಿಗೆ ಬಂದಿರುತ್ತದೆ. ಆ ನಡುವೆ ಭಾಷೆಯೇ ಕೆಲವು ಹೆಜ್ಜೆ ಮುಂದೆ ಸಾಗಿರುತ್ತದೆ. ಆದುದರಿಂದಲೇ ಪರಿಷತ್ತು ಸಂಕ್ಷಿಪ್ತ ಕನ್ನಡ ನಿಘಂಟನ್ನೂ ಅಂಗೈಯಗಲದ ಕನ್ನಡ ರತ್ನಕೋಶವನ್ನೂ ಪ್ರತ್ಯೇಕವಾಗಿ ಪ್ರಕಟಿಸಿದುದು ಯುಕ್ತವಾಯಿತು. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ಇಗೋ ಕನ್ನಡ ಎಂಬ ಅಂಕಣದ ಮೂಲಕ, ಓದುಗರು ಕೇಳಿದ ಒಂದೊಂದು ಶಬ್ದಕ್ಕೆ ಉತ್ತರವಿತ್ತು, ಮಹಾಕೋಶದ ವಿದ್ಯೆಯನ್ನು ಒಂದು ಅಂಗುಲದ ಅಂಕಣಕ್ಕೆ ಇಳಿಸಿದುದೂ ಇದೇ ಜಾತಿಯ ಸೇವೆ.

ಶಬ್ದಕೋಶದಿಂದ ವಿಶ್ವಕೋಶಕ್ಕೆ ಬಂದರೆ, ದಕ್ಷಿಣ ಕನ್ನಡದ ಮಣ್ಣಿನಲ್ಲಿ ಬೆಳೆದ ಇಬ್ಬರು ಕಾದಂಬರಿಕಾರರನ್ನು ನೆನೆಯಲೇಬೇಕು. ಶಿವರಾಮ ಕಾರಂತರು ಪುತ್ತೂರಿನಲ್ಲಿದ್ದಾಗ ಮಕ್ಕಳಿಗಾಗಿ ಬಾಲಪ್ರಪಂಚವನ್ನು ಮೂರು ಸಂಪುಟಗಳಲ್ಲಿ ತಾವೊಬ್ಬರೇ ರಚಿಸಿದರು. ಮುಂದೆ ವಯಸ್ಕರಿಗಾಗಿ ವಿಜ್ಞಾನಪ್ರಪಂಚವನ್ನು ನಾಲ್ಕು ಸಂಪುಟಗಳಲ್ಲಿ ಬರೆದರು. ಕುಳಕುಂದದ ಶಿವರಾಯರು, ಎಂದರೆ ನಿರಂಜನರು, ಹಲವು ಲೇಖಕರನ್ನು ಕೂಡಿಸಿಕೊಂಡು ಜ್ಞಾನಗಂಗೋತ್ರಿಯೆಂಬ ಕಿರಿಯರ ವಿಶ್ವಕೋಶವನ್ನು ಏಳು ಸಂಪುಟಗಳಲ್ಲಿ ಸಂಪಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವಾದರೋ 1969ರಲ್ಲಿ ಆರಂಭವಾಗಿ ಹದಿನಾಲ್ಕು ಸಂಪುಟಗಳಿಗೆ ಬೆಳೆಯಿತು. ಮೂರು, ಏಳು, ಹದಿನಾಲ್ಕು: ಈ ಸಂಖ್ಯೆಗಳಲ್ಲಿ ಗ್ರಂಥಕರ್ತೃತ್ವದ ಮೂರು ವಿಧಾನಗಳನ್ನೇ ಕಾಣಬಹುದು. ಒಬ್ಬನೇ ಬರೆದ ಕೃತಿಯು ಒಬ್ಬನ ಕುತೂಹಲದ ಅಳತೆಗೆ ನಿಲ್ಲುತ್ತದೆ. ಒಬ್ಬ ಸಂಪಾದಕನ ಕೈಕೆಳಗೆ ಗುಂಪು ಬರೆದುದು ಯೋಜನೆಯ ಅಳತೆಗೆ ನಿಲ್ಲುತ್ತದೆ. ವಿಶ್ವವಿದ್ಯಾನಿಲಯವು ಬರೆಸಿದುದು ಶಾಸ್ತ್ರಗಳ ಸಂಖ್ಯೆಯ ಅಳತೆಗೆ ಬೆಳೆಯುತ್ತದೆ. ಮಕ್ಕಳ ದೃಷ್ಟಿಯಿಂದ ನೋಡಿದರೆ ಮೊದಲನೆಯದೇ ಹೆಚ್ಚು ಓದಿಸಿಕೊಳ್ಳುವಂಥದು. ಏಕೆಂದರೆ ಅದರಲ್ಲಿ ಬಿಟ್ಟುದಕ್ಕೂ ಹೇಳಿದುದಕ್ಕೂ ಒಂದೇ ಮನಸ್ಸಿನ ಅಂಕೆಯಿದೆ.

ಕಿರಿದನ್ನೂ ಹಿರಿದನ್ನೂ ಒಂದೇ ಕೃತಿಯಲ್ಲಿ ಕೂಡಿಸುವ ಪ್ರಯತ್ನವು ಪಶ್ಚಿಮದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದುದು 1974ರ ಎನ್‌ಸೈಕ್ಲೋಪೀಡಿಯ ಬ್ರಿಟಾನಿಕದ ಹದಿನೈದನೆಯ ಆವೃತ್ತಿಯಲ್ಲಿ. ಅದರ ಮೂವತ್ತು ಸಂಪುಟಗಳಲ್ಲಿ ಹತ್ತು ಸಂಪುಟಗಳು ಹ್ರಸ್ವ ಟಿಪ್ಪಣಿಗಳಿಗೆ, ಹತ್ತೊಂಬತ್ತು ದೀರ್ಘ ಪ್ರಬಂಧಗಳಿಗೆ, ಒಂದು ಸಂಪುಟವು ಸಮಸ್ತ ಜ್ಞಾನದ ವಿಷಯಾನುಕ್ರಮಕ್ಕೆ ಮೀಸಲಾಗಿದ್ದುವು. ಯೋಜನೆಯು ನಮ್ಮ ಸೂತ್ರ-ವೃತ್ತಿಗಳ ಪದ್ಧತಿಯನ್ನು ಹೋಲುವಷ್ಟು ತರ್ಕಬದ್ಧವಾಗಿದ್ದರೂ, ಹಳೆಯ ರೀತಿಯ ಅಕಾರಾದಿ ಸೂಚಿಯನ್ನು ಕೈಬಿಟ್ಟುದರಿಂದ ಓದುಗನು ಹ್ರಸ್ವದಿಂದ ದೀರ್ಘಕ್ಕೆ ಹೋಗುವ ದಾರಿಯನ್ನು ಕಾಣದೆ ತೊಳಲಿದನು. 1985ರಲ್ಲಿ ಎರಡು ಸಂಪುಟಗಳ ಸೂಚಿಯನ್ನು ಮತ್ತೆ ಸೇರಿಸಬೇಕಾಯಿತು. ಪದರಗಳಾಗಿ ಕಟ್ಟಿದರೆ ಸಾಲದು, ಪದರಗಳ ನಡುವೆ ಮೆಟ್ಟಿಲುಗಳನ್ನೂ ಕಟ್ಟಬೇಕೆಂಬುದೇ ಇದರಿಂದ ಕಲಿಯತಕ್ಕ ಪಾಠ.

ಗಾತ್ರಕ್ಕೂ ಬಾಳಿಕೆಗೂ ಇರುವ ಸಂಬಂಧವನ್ನು ಹೆಚ್ಚಿನವರು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಕಿಟ್ಟೆಲರ ಕೋಶ ಬಂದ 1894ರಲ್ಲಿಯೇ ಸ್ಟರಕ್ಕರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯ ಮೊದಲ ಸಂಪುಟವೂ, ಮರುವರ್ಷ ಸ್ಟುವರ್ಟರು ಪೂರೈಸಿದ ಎರಡನೆಯದೂ ಹೊರಬಂದುವು. ಅಂಥ ಕೈಪಿಡಿಗಳಲ್ಲಿ ಎರಡು ಬಗೆಯ ವಸ್ತು ಕೂಡಿರುತ್ತದೆ: ನಾಡಿನ ನೆಲ, ನದಿ, ರಾಜವಂಶ, ಅಳಿಯಸಂತಾನ, ಮೂಲಗೇಣಿ ಮುಂತಾದುವುಗಳ ವಿವರಣೆಯು ಒಂದು; ಜನಸಂಖ್ಯೆ, ಬೆಲೆ, ಕಂದಾಯ ಮುಂತಾದುವುಗಳ ಅಂಕೆಗಳು ಇನ್ನೊಂದು. ಮೊದಲನೆಯದು ಶತಮಾನದ ಬಳಿಕವೂ ಇತಿಹಾಸಕಾರನಿಗೆ ಬೇಕು. ಎರಡನೆಯದು ಆಡಳಿತದ ದೃಷ್ಟಿಯಿಂದ ಮುಂದಿನ ಜನಗಣತಿಯ ಹೊತ್ತಿಗೆ ಹಳತಾಗುತ್ತದೆ. ಬೇಗ ಮುಪ್ಪಾಗುವ ವಸ್ತುವನ್ನು ಬಹುಕಾಲ ಬಾಳುವ ವಸ್ತುವಿನೊಡನೆ ಒಂದೇ ರಟ್ಟಿನೊಳಗೆ ಹೊಲಿದರೆ, ಪುಸ್ತಕದ ಒಂದರ್ಧ ಸತ್ತಾಗ ಇನ್ನರ್ಧವೂ ಬಳಕೆಯಿಂದ ತಪ್ಪುವ ಅಪಾಯವಿದೆ. ಪಂಚಾಂಗವು ಈ ವಿವೇಕವನ್ನು ಯಾರ ಉಪದೇಶವೂ ಇಲ್ಲದೆ ಪಾಲಿಸಿಕೊಂಡು ಬಂದಿದೆ: ಒಂದು ಸಂವತ್ಸರದ ಆಯುಸ್ಸು, ಅದಕ್ಕೆ ತಕ್ಕಷ್ಟು ಕೆಲವೇ ಹಾಳೆ, ಅದಕ್ಕೆ ತಕ್ಕ ಅಗ್ಗದ ಕಾಗದ, ಯುಗಾದಿಗೆ ಹೊಸದು ಬಂದರೆ ಹಳೆಯದಕ್ಕೆ ಯಾರೂ ಮರುಗುವುದಿಲ್ಲ.

ಈಚಿನ ಕಾಲದಲ್ಲಿ ಕಾಗದದ ಭಾರವೇ ಇಲ್ಲದಾಗಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಸಂಕಲಿಸಿದ, ಒಂದೂವರೆ ಲಕ್ಷದಷ್ಟು ಉಲ್ಲೇಖಗಳಿರುವ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ತುಳು ವಿಕಿಪೀಡಿಯವು 2016ರಲ್ಲಿ ತೆರೆದುಕೊಂಡಿತು. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿನಿಯು ಕಿಟ್ಟೆಲರ ಕೋಶದ ಎರಡುಪಟ್ಟನ್ನು ಕೈಯಲ್ಲಿ ಹಿಡಿದು ನಿಂತಿರಬಹುದು. ಹಾಗಾದರೆ ಗಾತ್ರದ ಪ್ರಶ್ನೆಯೇ ತೀರಿತೆಂದು ಕೆಲವರು ಭಾವಿಸುತ್ತಾರೆ. ಅದು ತೀರಲಿಲ್ಲ, ಸಂಪುಟದಿಂದ ತೆರೆಗೆ ಸ್ಥಳಾಂತರಗೊಂಡಿತು. ಮಡಿಸಿದ ಹಾಳೆಯ ಬದಲು ಅಂಗೈಯಗಲದ ತೆರೆಯೇ ಇಂದಿನ ಫಾರ್ಮು. ಒಂದು ಶಬ್ದಕ್ಕೆ ಹದಿನೆಂಟು ಅರ್ಥಗಳಿದ್ದರೆ ಮೊದಲು ಕಾಣುವ ಮೂರನ್ನು ಯಾರು ಆರಿಸಬೇಕು, ಯಾವ ಆಧಾರದಿಂದ ಆರಿಸಬೇಕು ಎಂಬ ತೀರ್ಮಾನವು ಬೂಖರರ ಕಾಲದ ತೀರ್ಮಾನಕ್ಕಿಂತ ಕಿಂಚಿತ್ತೂ ಸುಲಭವಾಗಿಲ್ಲ. ಅಚ್ಚಿನ ಸಂಕ್ಷೇಪದಲ್ಲಿ ಏನನ್ನೋ ಬಿಟ್ಟಿದ್ದಾರೆಂಬುದು ಪುಸ್ತಕದ ತೆಳುವಿನಿಂದಲೇ ತಿಳಿಯುತ್ತಿತ್ತು. ತೆರೆಯ ಮೇಲಾದರೋ ಬಿಟ್ಟುದಾವುದು, ಇಲ್ಲದುದಾವುದು ಎಂಬ ಭೇದವೇ ಕಣ್ಣಿಗೆ ಕಾಣದು.

ಈ ಸಮೀಕ್ಷೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಗಾತ್ರವನ್ನು ಗೊತ್ತುಮಾಡಬೇಕಾದುದು ಸಂಪಾದಕನಲ್ಲಿರುವ ಸಾಮಗ್ರಿಯ ರಾಶಿಯಲ್ಲ, ಓದುಗನು ತರುವ ಪ್ರಶ್ನೆ. ಶಾಲಾಬಾಲಕನ ಪ್ರಶ್ನೆಯೂ ಭಾಷಾಶಾಸ್ತ್ರಜ್ಞನ ಪ್ರಶ್ನೆಯೂ ಒಂದೇ ಶಬ್ದದ ಬಗ್ಗೆಯಾದರೂ ಒಂದೇ ಅಲ್ಲ. ಎರಡನೆಯದಾಗಿ, ಆಯ್ಕೆಯ ತತ್ತ್ವವು ಖಚಿತವಾಗಿದ್ದರೆ ವಿಸ್ತಾರವಾದ ವಸ್ತುವನ್ನೂ ಕಿರಿದರಲ್ಲಿ ಹಿಡಿಯಬಹುದು. ಬರೋ ಮತ್ತು ಎಮೆನೋ ಅವರು 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶವನ್ನು ಒಂದೇ ಸಂಪುಟದಲ್ಲಿ ತರಬಲ್ಲವರಾದುದು, ಸೋದರಭಾಷೆಗಳಲ್ಲಿ ಬಂಧುರೂಪಗಳುಳ್ಳ ಶಬ್ದಗಳನ್ನು ಮಾತ್ರ ಗುಂಪುಗುಂಪಾಗಿ ಕೊಟ್ಟು ಉಳಿದುದನ್ನು ಆಯಾ ಭಾಷೆಯ ಕೋಶಗಳಿಗೆ ಬಿಟ್ಟುದರಿಂದ. ಆ ಕೋಶಗಳ ಸಾಲಿನಲ್ಲಿ ಕಿಟ್ಟೆಲರೂ ಮ್ಯಾನರರೂ ಗುಂಡರ್ಟರೂ ಇದ್ದಾರೆಂಬುದು ಮಂಗಳೂರಿಗೆ ಹೆಮ್ಮೆಯ ವಿಷಯ. ಮೂರನೆಯದಾಗಿ, ತಪ್ಪಿನಿಂದಾಗುವ ನಷ್ಟವನ್ನು ಅಳೆಯಬೇಕು: ಕವಿತೆಯ ಒಂದು ಶಬ್ದಕ್ಕೆ ಅರ್ಥ ಸಿಗದಿದ್ದರೆ ರಸಭಂಗ, ನ್ಯಾಯಾಲಯದ ದಸ್ತಾವೇಜಿನ ಶಬ್ದಕ್ಕೆ ತಪ್ಪರ್ಥ ಸಿಕ್ಕಿದರೆ ಆಸ್ತಿಭಂಗ; ಎರಡನೆಯ ಬಗೆಯ ಕೋಶಕ್ಕೆ ಸಂಕ್ಷೇಪವು ಒಪ್ಪುವುದಿಲ್ಲ. ನಾಲ್ಕನೆಯದಾಗಿ, ಬೇಗ ಹಳತಾಗುವುದನ್ನು ಬಾಳುವುದರಿಂದ ಬೇರ್ಪಡಿಸಬೇಕು. ಐದನೆಯದಾಗಿ, ಹಿರಿದು ಮುಗಿಯುವವರೆಗೆ ಕಿರಿದನ್ನು ಕಾಯಿಸಬೇಕಾಗಿಲ್ಲ, ಆದರೆ ಹಿರಿದನ್ನು ಎಂದಿಗೂ ಕಟ್ಟದೆ ಕಿರಿದುಗಳಿಂದಲೇ ಕಿರಿದುಗಳನ್ನು ನಕಲಿಸುತ್ತ ಹೋಗುವುದು ಭಾಷೆಗೆ ಬಗೆಯುವ ದ್ರೋಹ. ಇಂದು ಮಾರುಕಟ್ಟೆಯಲ್ಲಿ ಕಾಣುವ ಜೇಬುನಿಘಂಟುಗಳಲ್ಲಿ ಅನೇಕವು ಈ ವರ್ಗಕ್ಕೆ ಸೇರಿದುವೆಂದು ವಿಷಾದದಿಂದ ಹೇಳಬೇಕಾಗಿದೆ.

ಆದುದರಿಂದ ಮುಂದೆ ಕೋಶರಚನೆಯನ್ನು ಕೈಕೊಳ್ಳುವ ವಿಶ್ವವಿದ್ಯಾನಿಲಯಗಳಲ್ಲಿಯೂ ಅಕಾಡೆಮಿಗಳಲ್ಲಿಯೂ ಪ್ರಕಾಶಕರಲ್ಲಿಯೂ ಒಂದು ವಿಜ್ಞಾಪನೆ. ಹಿರಿಯ ಕೋಶದ ಯೋಜನೆಯನ್ನು ಮಂಜೂರು ಮಾಡುವ ಕಾಗದದಲ್ಲಿಯೇ ಅದರಿಂದ ಹುಟ್ಟತಕ್ಕ ಕಿರಿಯ ಕೋಶಕ್ಕೂ ಹಣವನ್ನೂ ಅವಧಿಯನ್ನೂ ಗೊತ್ತುಪಡಿಸಿರಿ. ಕಿರಿಯ ಕೋಶದ ಮೊದಲ ಪುಟದಲ್ಲಿ ಇದು ಯಾರಿಗಾಗಿ, ಯಾವ ಹಿರಿಯ ಕೋಶದಿಂದ ಬಂದುದು, ಏನೇನನ್ನು ಬಿಟ್ಟಿದೆ ಎಂಬ ಮೂರು ಮಾತುಗಳನ್ನು ತಪ್ಪದೆ ಅಚ್ಚು ಮಾಡಿಸಿರಿ. ಬೂಖರರು ತಮ್ಮ ಶಾಲಾ ನಿಘಂಟಿನ ಶೀರ್ಷಿಕೆಯ ಪುಟದಲ್ಲಿಯೇ ಕಿಟ್ಟೆಲರ ಋಣವನ್ನು ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆಯನ್ನು ನೂರಿಪ್ಪತ್ತೈದು ವರ್ಷಗಳ ಬಳಿಕ ನಮ್ಮ ಪ್ರಕಾಶಕರಿಂದ ನಿರೀಕ್ಷಿಸುವುದು ಅತಿಯಾಸೆಯಾಗಲಾರದು. ಬಿಟ್ಟುದೇನೆಂದು ಹೇಳುವ ಧೈರ್ಯವಿಲ್ಲದ ಸಂಕ್ಷೇಪವನ್ನು, ಅದೆಷ್ಟೇ ಅಗ್ಗವಾಗಿದ್ದರೂ, ಓದುಗರು ಕೊಳ್ಳದಿರುವುದೇ ಲೇಸು.